ಸಂಶೋಧನೆಯ ಅರ್ಜಿಗೆ ಜಮಾಅತಿನ ಪತ್ರ ಯಾಕೆ ಬೇಕು?

ಕಾಲೇಜಿನಲ್ಲಿ ಪಾಠ ಮಾಡುವ ಮಗಳೋ ಸೊಸೆಯೋ ಇಶಾ ನಮಾಝ್ ಮುಗಿದ ಮೇಲೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದರೆ ಮನೆಯ ಹಿರಿಯರು ಕೇಳುವುದುಂಟು: "ಕೆಲಸ ಸಿಕ್ಕಿ ಆಯ್ತಲ್ಲ, ಇನ್ನು ಎಂತದ್ದು ಅರ್ಜಿ?" ಅದು ಕೆಲಸದ ಅರ್ಜಿ ಅಲ್ಲ. ಒಂದು ವಿಷಯದ ಬಗ್ಗೆ ಸಂಶೋಧನೆ ಮಾಡಬೇಕು, ಅದಕ್ಕೆ ಇಷ್ಟು ಹಣ, ಇಷ್ಟು ಸಮಯ ಬೇಕು ಎಂದು ಕೇಳುವ ಪತ್ರ. ಪ್ರಾಜೆಕ್ಟ್ ಪ್ರಪೋಸಲ್ ಅಂತ ಅವರು ಹೇಳುತ್ತಾರೆ. ವಿಜ್ಞಾನದವರಿಗೆ ಕೊಡುವ ಸಂಸ್ಥೆಗಳು ಬೇರೆ, ಸಮಾಜ, ಇತಿಹಾಸ, ಭಾಷೆ ಅಂತ ಕೆಲಸ ಮಾಡುವವರಿಗೆ ಕೊಡುವ ಸಂಸ್ಥೆಗಳು ಬೇರೆ. 1969ರಲ್ಲಿ ಶುರುವಾದ ದಿಲ್ಲಿಯ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಜನರು ಐಸಿಎಸ್‌ಎಸ್‌ಆರ್ ಅಂತ ಕರೆಯುವುದು, ಎರಡನೆಯ ಜಾತಿಯದ್ದು. ಹಣ ಸುಮ್ಮನೆ ಯಾರ ಕೈಗೂ ಬರುವುದಿಲ್ಲ. ವಿಶ್ವವಿದ್ಯಾನಿಲಯ ಅಥವಾ ಕಾಲೇಜಿನ ಖಾತೆಗೆ ಬರುತ್ತದೆ, ಅಲ್ಲಿಂದ ಲೆಕ್ಕ ಇಟ್ಟು ಖರ್ಚು ಮಾಡಬೇಕು.

ನಾವು ಮದರಸದಲ್ಲಿ ಕಲಿಸುವವರು. ವಿಶ್ವವಿದ್ಯಾನಿಲಯದ ಕೆಲಸ ನಮ್ಮದಲ್ಲ. ಆದರೆ ಹಿಂದೆ ನಮ್ಮ ಮದರಸದಲ್ಲಿ ಕಲಿತು ಈಗ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ಹುಡುಗಿಯೊಬ್ಬಳು ಅರಬಿ ಮಲಯಾಳಂ ಕಿತಾಬುಗಳನ್ನು ಓದಿಸಿಕೊಳ್ಳಲು ಅವಳ ಬಾವನ ಜೊತೆ ನಮ್ಮಲ್ಲಿಗೆ ಬರುತ್ತಿದ್ದಳು. ಹಾಗಾಗಿ ಅಂಥ ಒಂದು ಅರ್ಜಿ ಹುಟ್ಟುವುದನ್ನು, ತಿರಸ್ಕಾರ ಆಗುವುದನ್ನು, ಮತ್ತೆ ಹೊರಡುವುದನ್ನು ನಾವು ಹತ್ತಿರದಿಂದ ನೋಡಿದೆವು. ಅದರಲ್ಲಿ ಅರ್ಧ ಕೆಲಸ ವಿಶ್ವವಿದ್ಯಾನಿಲಯದ್ದಾದರೆ ಇನ್ನರ್ಧ ನಮ್ಮ ಮನೆಗಳದ್ದು, ನಮ್ಮ ಜಮಾಅತ್‌ಗಳದ್ದು. ಅದು ನಮ್ಮವರಿಗೆ ಗೊತ್ತಿಲ್ಲದ ಕಾರಣ ಇದನ್ನು ಬರೆಯುವುದು.

ಅವಳ ಮೊದಲ ವಿಷಯ ಹೀಗಿತ್ತು: ಬ್ಯಾರಿ ಸಮುದಾಯದ ಸಾಮಾಜಿಕ, ಆರ್ಥಿಕ, ಶೈಕ್ಷಣಿಕ ಹಾಗೂ ಸಾಂಸ್ಕೃತಿಕ ಸ್ಥಿತಿಗತಿ, ಒಂದು ಅಧ್ಯಯನ. ಕೇಳಲಿಕ್ಕೆ ಭಾರೀ ಚಂದ. ಆದರೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಉತ್ತರ ಭಾಗ, ಆಚೆ ಕೊಡಗು, ಚಿಕ್ಕಮಗಳೂರು ಅಂತ ಹರಡಿಕೊಂಡ ಒಂದು ಸಮುದಾಯದ ಎಲ್ಲವನ್ನೂ ಇಬ್ಬರು ಮೂವರು ಎರಡು ವರ್ಷದಲ್ಲಿ ಹೇಗೆ ನೋಡಿ ಮುಗಿಸುವುದು? ಅವಳ ಹಿರಿಯ ಅಧ್ಯಾಪಕಿಯೊಬ್ಬರು ಓದಿ ಒಂದೇ ಮಾತು ಹೇಳಿದರಂತೆ: "ಇದರಲ್ಲಿ ಪ್ರಶ್ನೆ ಎಲ್ಲಿ ಉಂಟು?"

ಪ್ರಶ್ನೆ ಸಿಕ್ಕಿದ್ದು ಅವಳ ಅಜ್ಜಿಯ ಹತ್ತಿರ. ಮನೆಗೆ ಬಂದ ಒಂದು ಸಮೀಕ್ಷೆಯ ಫಾರ್ಮಿನಲ್ಲಿ ಅಜ್ಜಿಯ ಹೆಸರಿನ ಮುಂದೆ ಅನಕ್ಷರಸ್ಥೆ ಎಂದು ಬರೆದಿದ್ದರು. ಅಜ್ಜಿಗೆ ಕನ್ನಡ ಬರುವುದಿಲ್ಲ, ಸಹಿ ಹಾಕಲಿಕ್ಕೆ ಬರುವುದಿಲ್ಲ, ಹೆಬ್ಬೆಟ್ಟು. ಆದರೆ ಅದೇ ಅಜ್ಜಿ ಕುರ್‌ಆನ್ ಓದುತ್ತಾರೆ. ಶುಕ್ರವಾರ ರಾತ್ರಿ ಕನ್ನಡಕ ಹಾಕಿಕೊಂಡು ಮುಹಿಯುದ್ದೀನ್ ಮಾಲೆಯನ್ನು ಪುಸ್ತಕ ನೋಡಿಯೇ ಓದುತ್ತಾರೆ. ಹೆರಿಗೆ ಹತ್ತಿರ ಬಂದ ಮನೆಯವರು ನಫೀಸತ್ ಮಾಲೆ ಓದಲು ಅವರನ್ನು ಕರೆಯುತ್ತಾರೆ. ಜನಗಣತಿಯ ಲೆಕ್ಕದಲ್ಲಿ ಸಾಕ್ಷರರು ಎಂದರೆ ಏಳು ವರ್ಷ ದಾಟಿದವರಲ್ಲಿ ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲೂ ಬರೆಯಲೂ ಬಲ್ಲವರು. ಓದು ಮಾತ್ರ ಬಂದರೆ ಸಾಕಾಗುವುದಿಲ್ಲ. ಫಾರ್ಮು ಬರೆದವರದ್ದು ತಪ್ಪಲ್ಲ. ಓದಲು ಬರುವ, ಬರೆಯಲು ಬಾರದ ಹೆಂಗಸಿಗೆ ಅಲ್ಲಿ ಕಾಲಂ ಇಲ್ಲ, ಅಷ್ಟೇ.

ನಮ್ಮಲ್ಲಿ ಅಂಥವರು ಒಂದು ತಲೆಮಾರು ಪೂರ್ತಿ ಇದ್ದರು. ಅರಬಿ ಮಲಯಾಳಂ ಎಂದರೆ ಮಲಯಾಳಂ ನುಡಿಯನ್ನು ಅರಬಿ ಅಕ್ಷರದಲ್ಲಿ ಬರೆಯುವುದು. ಅರಬಿಯಲ್ಲಿ ಇಲ್ಲದ ಪ, ಚ, ಟ, ಞ ಮೊದಲಾದ ಧ್ವನಿಗಳಿಗೆ ಅಕ್ಷರದ ಮೇಲೆ ಕೆಳಗೆ ಚುಕ್ಕಿ, ಗುರುತು ಇಟ್ಟುಕೊಳ್ಳುತ್ತಾರೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ ಅವರು ಮುಹಿಯುದ್ದೀನ್ ಮಾಲೆ ರಚಿಸಿದ್ದು 1607ರಲ್ಲಿ, ಅಂದರೆ ನಾಲ್ಕು ಶತಮಾನ ದಾಟಿತು. 1951ರಲ್ಲಿ ಸಮಸ್ತದ ವಿದ್ಯಾಭ್ಯಾಸ ಬೋರ್ಡ್ ಆದ ಮೇಲೆ ತರಗತಿ, ಪಠ್ಯಪುಸ್ತಕ, ಪರೀಕ್ಷೆ ಎಲ್ಲ ಬಂತು. ಪಠ್ಯಗಳೂ ಅದೇ ಲಿಪಿಯಲ್ಲಿ. ಅದಕ್ಕೂ ಮೊದಲಿನದ್ದು ಓತುಪಳ್ಳಿ, ಮುಸ್ಲಿಯಾರರ ಎದುರು ಹಲಗೆ ಹಿಡಿದು ಕೂತು ಕಲಿಯುವುದು. ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ಓದಲು ಕಲಿತು, ಬರೆಯುವ ಹಂತ ಬರುವ ಮೊದಲೇ ಮನೆ ಸೇರಿದರು.

ಅದರಿಂದ ಅವಳ ಹೊಸ ಪ್ರಶ್ನೆ ಹುಟ್ಟಿತು. ಮೂರು ಜಮಾಅತ್‌ಗಳಲ್ಲಿ ಅರುವತ್ತೈದು ದಾಟಿದ, ಅರಬಿ ಮಲಯಾಳಂ ಓದಬಲ್ಲ ಹೆಂಗಸರು ಎಷ್ಟು ಜನ ಇದ್ದಾರೆ? ಯಾರಿಂದ ಕಲಿತರು? ಏನು ಓದುತ್ತಿದ್ದರು? ಆಡುವುದು ಬ್ಯಾರಿ, ಓದುವುದು ಮಲಯಾಳಂ, ಹಾಗಿದ್ದಾಗ ಓದಿದ್ದು ಎಷ್ಟು ತಿಳಿಯುತ್ತಿತ್ತು? ಇಷ್ಟೇ. ಮೂರು ಊರು ಸಾಕು, ಅದು ಮಾಡಿ ಮುಗಿಸಬಹುದಾದ ಕೆಲಸ. ಹಣ ಕೊಡುವವರು ನೋಡುವುದೂ ಅದನ್ನೇ ಅಂತ ನಮಗೆ ಆಮೇಲೆ ತಿಳಿಯಿತು. ಸಮುದಾಯ ದೊಡ್ಡದು, ಪರಂಪರೆ ಶ್ರೀಮಂತ ಎಂದು ನಾಲ್ಕು ಪುಟ ಹೊಗಳಿ ಬರೆದರೆ ಅವರಿಗೆ ಅದರಿಂದ ಎಂತ ಆಗಬೇಕು? ಸಮ್ಮೇಳನದ ಸ್ವಾಗತ ಭಾಷಣದಲ್ಲಿ ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಪ್ರಶ್ನೆ ಆದ ಮೇಲೆ ಬರೆಯಬೇಕಾದದ್ದು ಮೊದಲು ಯಾರು ಎಂತ ಮಾಡಿದ್ದಾರೆ ಎಂಬುದು. ಇದನ್ನು ಯಾರೂ ಮುಟ್ಟಿಯೇ ಇಲ್ಲ, ನಾನೇ ಮೊದಲು ಎಂದು ಬರೆಯುವ ಚಟ ಸುಮಾರು ಜನರಿಗೆ ಉಂಟಂತೆ. ಅರ್ಜಿ ಓದುವವರು ಅದೇ ವಿಷಯದ ಪಂಡಿತರು, ಅವರ ಮುಂದೆ ಅದು ನಡೆಯುವುದಿಲ್ಲ. ಬ್ಯಾರಿ ಭಾಷೆ, ಬ್ಯಾರಿ ಜಾನಪದದ ಮೇಲೆ ಡಾ. ಸುಶೀಲಾ ಪಿ. ಉಪಾಧ್ಯಾಯರು ಹಿಂದೆಯೇ ಕೆಲಸ ಮಾಡಿದ್ದಾರೆ, ಅವರು ನಮ್ಮ ಸಮುದಾಯದವರೂ ಅಲ್ಲ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆಯಿತು, ನಿಘಂಟು ಬಂತು, ಪುಸ್ತಕಗಳು ಬಂದವು. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬ್ಯಾರಿ ಅಧ್ಯಯನ ಪೀಠ ಉಂಟು. ಕೇರಳದಲ್ಲಿ ಅರಬಿ ಮಲಯಾಳಂ ಬಗ್ಗೆ ಕೆಲಸ ಮಾಡಿದವರು ಇನ್ನೂ ಹೆಚ್ಚು. ಇವರ ಕೆಲಸಕ್ಕೆಲ್ಲ ಸಲಾಂ ಹೇಳಿ, ಇಷ್ಟಾದರೂ ನಮ್ಮ ಕರೆಯ ಹೆಂಗಸರ ಓದು ಹೀಗೆ ಬಾಕಿ ಉಂಟು ಎಂದು ತೋರಿಸಬೇಕು.

ಯಾವ ಬಾಗಿಲು ತಟ್ಟುವುದು ಎಂಬುದರಲ್ಲಿಯೂ ಸುಮಾರು ಜನ ಸಮಯ ಕಳೆಯುತ್ತಾರೆ. ಅಳಿವಿನಂಚಿನ ಭಾಷೆಗಳನ್ನು ದಾಖಲಿಸುವ ಕೇಂದ್ರ ಸರಕಾರದ ಯೋಜನೆಯನ್ನು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುತ್ತದೆ. ಅದು ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳಿಗಾಗಿ. ಬ್ಯಾರಿ ಆಡುವವರು ಲಕ್ಷಗಟ್ಟಲೆ, ನಮಗೆ ಅದು ಸೇರುವುದಿಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಅಳಿವಿನಲ್ಲಿರುವ ದಾಖಲೆಗಳ ಕಾರ್ಯಕ್ರಮವೊಂದು 2004ರಲ್ಲಿ ಶುರುವಾಯಿತು. ಹಳೆಯ ಕೈಬರಹ, ಹಳೆಯ ಮುದ್ರಿತ ಪುಸ್ತಕ, ದಫ್ತರುಗಳ ಫೋಟೋ ತೆಗೆದು ಉಳಿಸುವುದಕ್ಕೆ ಅವರ ಹಣ. ಮೂಲ ಪ್ರತಿ ದೇಶ ಬಿಟ್ಟು ಹೋಗಕೂಡದು ಎಂಬುದು ಅವರದ್ದೇ ಷರತ್ತು, ಆದ್ದರಿಂದ ಮಸೀದಿಯ ಕಿತಾಬನ್ನು ಲಂಡನ್ನಿಗೆ ಒಯ್ಯುತ್ತಾರೆ ಎಂದು ಹೆದರುವುದು ಬೇಡ. ಆದರೆ ಅಲ್ಲಿ ಅಜ್ಜಿಯ ಹತ್ತಿರ ಕೂತು ಮಾತಾಡುವುದಕ್ಕೆ ಹಣ ಇಲ್ಲ, ಅಜ್ಜಿಯ ಪೆಟ್ಟಿಗೆಯಲ್ಲಿರುವ ಕಿತಾಬಿಗೆ ಇರಬಹುದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಿಂದ ಇರುವ ಸಂಸ್ಥೆ, ಕಲೆಗೆ ಸಂಬಂಧಪಟ್ಟ ಸಂಶೋಧನೆಗೆ ಕೊಡುವುದು. ಅಲ್ಲಿಗೆ ಕನ್ನಡದಲ್ಲಿಯೇ ಬರೆಯಬಹುದು, ವಿಶ್ವವಿದ್ಯಾನಿಲಯದಲ್ಲಿ ಕೆಲಸ ಇರಲೇಬೇಕು ಅಂತಲೂ ಇಲ್ಲ. ದಫ್, ಕೋಲ್ಕಳಿ, ಮೊಯ್ಲಾಂಜಿ ಪಾಟ್ ಅಂತ ಓಡಾಡುವ ನಮ್ಮ ಯುವಕರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಹಣದ ಪಟ್ಟಿ. ಎಷ್ಟು ಬೇಕಾದರೂ ಕೇಳಬಹುದು ಅಂತ ಇಲ್ಲ. ಸಹಾಯಕರ ಸಂಬಳ, ಊರೂರು ತಿರುಗುವ ಖರ್ಚು, ಪುಸ್ತಕ, ಯಂತ್ರ, ಚಿಲ್ಲರೆ ಖರ್ಚು, ಹೀಗೆ ಶೀರ್ಷಿಕೆ ಕಟ್ಟಿರುತ್ತಾರೆ. ಒಂದರ ಹಣವನ್ನು ಇನ್ನೊಂದಕ್ಕೆ ಸಲೀಸಾಗಿ ಹಾಕುವ ಹಾಗಿಲ್ಲ. ತೆಗೆದ ಕ್ಯಾಮರಾ, ರೆಕಾರ್ಡರ್ ಕೆಲಸ ಮುಗಿದ ಮೇಲೆ ಸಂಸ್ಥೆಗೆ ಸೇರುವುದು, ಮನೆಗಲ್ಲ. ಹಣ ಕಂತಿನಲ್ಲಿ ಬರುತ್ತದೆ. ಮೊದಲಿನ ಕಂತಿಗೆ ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನದ್ದು ಇಲ್ಲ. ಕೇಂದ್ರ ಸರಕಾರದ ಹಣವಾದರೆ ಆ ಪ್ರಮಾಣಪತ್ರಕ್ಕೆ 2017ರ ಹಣಕಾಸು ನಿಯಮದಲ್ಲಿ ನಮೂನೆ 12-ಎ ಅಂತ ಒಂದು ಫಾರ್ಮ್ ಉಂಟು. ನಾವು ಅದನ್ನು ನೋಡಿ ಇದು ಅಮಾನತ್ತಿನ ಲೆಕ್ಕ ಅಲ್ವಾ ಅಂದುಕೊಂಡೆವು. ಪಳ್ಳಿಯ ಹುಂಡಿಯ ಲೆಕ್ಕ ಬರೆದವರಿಗೆ ಇದು ಹೊಸತೇನಲ್ಲ.

ಅವಳು ಪಟ್ಟಿ ಮಾಡುವಾಗ ಒಂದು ಕಡೆ ಸಿಕ್ಕಿಬಿದ್ದಳು. ವಯಸ್ಸಾದವರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಅರ್ಧ ಕೇಜಿ ಬಾಳೆಹಣ್ಣು, ಒಂದು ಪ್ಯಾಕೆಟ್ ರಸ್ಕ್ ಆದರೂ ಬೇಡವೇ? ಅದಕ್ಕೆ ಯಾವ ಶೀರ್ಷಿಕೆ? ಕೊನೆಗೆ ಚಿಲ್ಲರೆ ಖರ್ಚಿನಲ್ಲಿ ಸೇರಿಸಿದಳು. ಊಟದ ಖರ್ಚು ಅಂತ ಹಾಕಿದ್ದನ್ನು ಮಾತ್ರ ನಾವೇ ಹೇಳಿ ತೆಗೆಸಿದೆವು. ಬ್ಯಾರಿ ಮನೆಗೆ ಹೋಗಿ ಪತ್ತಿರಿ, ಸಾರು ಉಣ್ಣದೆ ಯಾರು ವಾಪಸ್ ಬಂದದ್ದುಂಟು ಮಾರಾಯ್ರೆ?

ಸಮಯದ ಪಟ್ಟಿಯನ್ನು ದಿಲ್ಲಿಯ ಕ್ಯಾಲೆಂಡರ್ ನೋಡಿ ಮಾಡಿದರೆ ಆಗುವುದಿಲ್ಲ. ರಮಳಾನಿನಲ್ಲಿ ಹಗಲು ಯಾರನ್ನೂ ಕೂರಿಸಿ ಮಾತಾಡಿಸಲಿಕ್ಕೆ ಬರುವುದಿಲ್ಲ. ಜೂನ್‌ನಿಂದ ಮಳೆ, ಒಳಗಿನ ಊರುಗಳಿಗೆ ಹೋಗುವುದೇ ಕಷ್ಟ. ಬೀಡಿ ಕಟ್ಟುವ ಮನೆಯಾದರೆ ಬ್ರಾಂಚಿಗೆ ಬೀಡಿ ಕೊಡುವ ದಿನ ಯಾರಿಗೂ ತಲೆ ಎತ್ತಲು ಪುರುಸೊತ್ತಿಲ್ಲ. ಇದನ್ನೆಲ್ಲ ಅವಳು ಅರ್ಜಿಯಲ್ಲಿ ಬರೆದಳು. ಇದು ಬರೆಯುವಂಥ ವಿಷಯವಾ ಎಂದು ಜೊತೆಯವರು ನಕ್ಕರಂತೆ. ಆದರೆ ಆಮೇಲೆ ಬಂದ ಅಭಿಪ್ರಾಯದಲ್ಲಿ ಒಬ್ಬ ಪರಿಶೀಲಕರು ಮೆಚ್ಚಿದ್ದು ಈ ಭಾಗವನ್ನೇ: ಅರ್ಜಿದಾರರಿಗೆ ಕ್ಷೇತ್ರದ ಪರಿಚಯ ಇದೆ ಎಂದು.

ಎಲ್ಲಕ್ಕಿಂತ ಹೆಚ್ಚು ಯೋಚನೆ ಮಾಡಬೇಕಾದದ್ದು ಒಪ್ಪಿಗೆಯ ವಿಷಯ. ಜನರ ಮೇಲೆ ಮಾಡುವ ಸಂಶೋಧನೆಗೆ ಸಂಸ್ಥೆಯ ನೈತಿಕ ಸಮಿತಿಯ ಮಂಜೂರಾತಿ ಕೇಳುತ್ತಾರೆ. ಮಾತಾಡುವವರಿಗೆ ವಿಷಯ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು, ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಇಂಗ್ಲಿಷ್ ಫಾರ್ಮನ್ನು ಕನ್ನಡಕ್ಕೆ ಮಾಡಿ ಎಲ್ಲರೂ ಮುಗಿಸುತ್ತಾರೆ. ಆದರೆ ಈ ಅಜ್ಜಿಯಂದಿರಿಗೆ ಕನ್ನಡವೂ ಬಾರದು. ಹಾಗಾಗಿ ಬ್ಯಾರಿ ಮಾತಿನಲ್ಲಿ ಓದಿ ಹೇಳುವ ಒಂದು ಪುಟ, ಅದರ ಜೊತೆಗೆ ಅರಬಿ ಅಕ್ಷರದಲ್ಲಿ ಬರೆದ ಇನ್ನೊಂದು ಪುಟ ಮಾಡಿದಳು. ಎರಡನೆಯದನ್ನು ಬರೆದುಕೊಟ್ಟದ್ದು ನಾವು. ಒಬ್ಬರು ಅಜ್ಜಿ ಅದನ್ನು ಬೆರಳಿಟ್ಟು ಪೂರ್ತಿ ಓದಿ, "ಇದ್ ಎಂತ, ನಂಗೆ ಗೊತ್ತಾಗುವ ಕಾಗದ ಸರಕಾರದವರು ಯಾವಾಗಿಂದ ಮಾಡ್ಲಿಕ್ಕೆ ಶುರು ಮಾಡಿದ್ದು?" ಎಂದು ಕೇಳಿದರು. ಸರಕಾರದವರು ಮಾಡಿದ್ದಲ್ಲ ಅಂತ ಹೇಳಬೇಕಾಯಿತು.

ಮನೆಯವರಿಗೆ ಭಯ ಇರುವುದು ಬೇರೆ ಕಡೆ. 2019-20ರ ಆ ಗಲಾಟೆಯ ನಂತರ ಕಾಗದ ಹಿಡಿದು ಬಂದವರನ್ನು ಕಂಡರೆ ನಮ್ಮ ಮನೆಗಳ ಬಾಗಿಲು ಅರ್ಧವೇ ತೆರೆಯುವುದು. ಇದರಲ್ಲಿ ಅವರನ್ನು ದೂರಿ ಫಲವಿಲ್ಲ. ಸಂಶೋಧನೆ ಮಾಡುವವರು ಆಧಾರ್ ನಂಬರ್ ಕೇಳುವುದಿಲ್ಲ, ಮನೆಯ ದಾಖಲೆ ಕೇಳುವುದಿಲ್ಲ, ಹೆಸರಿನ ಬದಲು ಸಂಖ್ಯೆ ಹಾಕುತ್ತಾರೆ ಎಂಬುದನ್ನು ಅರ್ಜಿಯಲ್ಲೇ ಬರೆದಿರಬೇಕು. ಬಾಗಿಲಲ್ಲಿ ನಿಂತು ಹೇಳುವ ಬಾಯಿಮಾತಿಗಿಂತ ಅದಕ್ಕೆ ತೂಕ ಹೆಚ್ಚು. ಇನ್ನು, ಹೆಂಗಸರ ಸ್ವರ ರೆಕಾರ್ಡ್ ಮಾಡುವುದು ಬೇಡ ಎನ್ನುವ ಮನೆಗಳು ಉಂಟು. ನಮ್ಮನ್ನೂ ಬಂದು ಕೇಳಿದರು. ಬೇಡ ಎಂದವರದ್ದನ್ನು ಕೈಯಲ್ಲಿ ಬರೆದುಕೊಳ್ಳಲಿ, ಸರಿ ಎಂದವರದ್ದನ್ನು ಯಾರು ಕೇಳಬಹುದು, ಯಾರು ಕೇಳಬಾರದು ಎಂದು ಅವರಿಂದಲೇ ಬರೆಸಿಕೊಳ್ಳಲಿ ಎಂದೆವು. ಮಾತಾಡಿಸಲು ಹೋಗುವವಳೂ ಹೆಣ್ಣುಮಗಳೇ ಆದ ಕಾರಣ ಸುಮಾರು ಮನೆಗಳಲ್ಲಿ ಆ ಮಾತು ಅಲ್ಲಿಗೇ ಮುಗಿಯಿತು. ಹೊರಗಿನಿಂದ ಬಂದ ದೊಡ್ಡ ಪ್ರೊಫೆಸರಿಗೆ ಸಿಗದ ಪಡಸಾಲೆ ಅವಳಿಗೆ ಸಿಗುತ್ತದೆ. ಈ ಕೆಲಸಕ್ಕೆ ನಮ್ಮ ಹೆಣ್ಣುಮಕ್ಕಳೇ ಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಜಮಾಅತಿನ ಪತ್ರ ಬರುವುದು ಇಲ್ಲಿ. ನಮ್ಮ ಊರಲ್ಲಿ ಈ ಕೆಲಸ ಮಾಡಲು ನಮ್ಮ ಅಭ್ಯಂತರ ಇಲ್ಲ, ಪಳ್ಳಿಯ ಹಳೆಯ ದಫ್ತರು ನೋಡಲು ಬಿಡುತ್ತೇವೆ ಎಂದು ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು, ಅಧ್ಯಕ್ಷರ ಸಹಿ, ಸೀಲು. ಅದು ಇದ್ದರೆ ಅರ್ಜಿ ಓದುವವರಿಗೆ ಈ ಕೆಲಸ ಆಗುವಂಥದ್ದು ಎಂದು ನಂಬಿಕೆ ಬರುತ್ತದೆ. ಎರಡು ಜಮಾಅತ್‌ಗಳು ಒಂದೇ ವಾರದಲ್ಲಿ ಕೊಟ್ಟವು. ಮೂರನೆಯದರಲ್ಲಿ ಅಧ್ಯಕ್ಷರು ಗಲ್ಫಿನಲ್ಲಿ, ಕಾರ್ಯದರ್ಶಿಗಳು ಮೀಟಿಂಗ್ ಆಗಲಿ ಅಂದರು, ಮೀಟಿಂಗಿನಲ್ಲಿ ಉರೂಸಿನ ಲೆಕ್ಕವೇ ಮುಗಿಯಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಒಬ್ಬರು ಎದ್ದು, ಇದರಿಂದ ಜಮಾಅತಿಗೆ ಎಂತ ಲಾಭ ಎಂದು ಕೇಳಿದರು. ಕೇಳಬಾರದ ಪ್ರಶ್ನೆ ಅಲ್ಲ. ಆದರೆ ಉತ್ತರ ಹೇಳಲು ಅವಳನ್ನು ಕರೆಯಲೂ ಇಲ್ಲ. ಪತ್ರ ಕೈಗೆ ಬಂದಾಗ ಕೊನೆಯ ದಿನಾಂಕಕ್ಕೆ ನಾಲ್ಕೇ ದಿನ ಉಳಿದಿತ್ತು.

ವಿಶ್ವವಿದ್ಯಾನಿಲಯದ ಕಡೆಯೂ ದಾರಿ ಉದ್ದವೇ. ಅರ್ಜಿ ಆನ್‌ಲೈನಿನಲ್ಲಿ ತುಂಬುವುದಾದರೂ ಸಂಸ್ಥೆಯ ಮುಖ್ಯಸ್ಥರು ಇದನ್ನು ನಾವು ನಡೆಸಿಕೊಡುತ್ತೇವೆ, ಹಣದ ಲೆಕ್ಕ ಇಡುತ್ತೇವೆ ಎಂದು ಸಹಿ ಹಾಕಿದ ಪತ್ರ ಬೇಕು. ಆ ಸಹಿಗೆ ಮೊದಲು ವಿಭಾಗದ ಮುಖ್ಯಸ್ಥರು, ಹಣಕಾಸಿನವರು, ಹೀಗೆ ಮೇಜಿನಿಂದ ಮೇಜಿಗೆ ಫೈಲು ಹೋಗಬೇಕು. ಕೊನೆಯ ದಿನ ಎಲ್ಲರೂ ಒಟ್ಟಿಗೆ ತುಂಬಲು ಹೊರಟರೆ ವೆಬ್‌ಸೈಟ್ ಕೂಡ ನಿಲ್ಲುತ್ತದೆ. ಅವಳ ಅರ್ಜಿ ಕೊನೆಯ ಸಂಜೆ ಹೋಯಿತು. ಆದರೆ ಅವಸರದಲ್ಲಿ ನೈತಿಕ ಸಮಿತಿಯ ಕಾಗದ ಇನ್ನೂ ಬಂದಿಲ್ಲ ಎಂದು ಬರೆದು ಕಳುಹಿಸಬೇಕಾಯಿತು. ಆ ಸಮಿತಿ ಸೇರುವುದೇ ಅಪರೂಪಕ್ಕೆ.

ಏಳು ತಿಂಗಳ ನಂತರ ಉತ್ತರ ಬಂತು, ಆಯ್ಕೆ ಆಗಿಲ್ಲ. ಮನೆಯಲ್ಲಿ ಎಂತ ಮಾತು ಬಂದಿರಬಹುದು ಎಂದು ಓದುಗರೇ ಊಹಿಸಬಹುದು. ಇಷ್ಟು ರಾತ್ರಿ ಕೂತು ಬರೆದದ್ದು ಇದಕ್ಕಾ, ಅದರ ಬದಲು ಟ್ಯೂಷನ್ ಕೊಟ್ಟಿದ್ದರೆ ತಿಂಗಳಿಗೆ ಇಷ್ಟು ಬರುತ್ತಿತ್ತು. ಇಂಥ ಅರ್ಜಿಗಳಲ್ಲಿ ಆಗುವುದಕ್ಕಿಂತ ಆಗದ್ದೇ ಹೆಚ್ಚು, ದೊಡ್ಡ ದೊಡ್ಡ ಪ್ರೊಫೆಸರುಗಳದ್ದೂ ವಾಪಸ್ ಬರುತ್ತದೆ ಎಂಬುದು ಮನೆಯವರಿಗೆ ಗೊತ್ತಿರಬೇಕು. ಪರಿಶೀಲಕರ ಅಭಿಪ್ರಾಯ ಅಂತ ಒಂದು ಪುಟ ಬಂದಿತ್ತು. ಅವಳು ಅದನ್ನು ನಮಗೆ ತೋರಿಸುವಾಗ ಕಣ್ಣು ಕೆಂಪಾಗಿತ್ತು. ಆದರೆ ಓದಿದರೆ ಅದರಲ್ಲಿ ಬೈಗುಳ ಇರಲಿಲ್ಲ. ಓದು ಎಂದರೆ ಎಂತ, ಬಾಯಿಪಾಠ ಬಂದವರನ್ನೂ ನೋಡಿ ಓದುವವರನ್ನೂ ಬೇರೆ ಮಾಡುವುದು ಹೇಗೆ ಎಂದು ಕೇಳಿದ್ದರು. ಒಳ್ಳೆಯ ಪ್ರಶ್ನೆ. ನಮಗೆ ಮದರಸದಲ್ಲಿ ಇದು ದಿನನಿತ್ಯದ ಕೆಲಸ, ಮಗು ಓದುತ್ತಿದೆಯೋ ಕಂಠಪಾಠ ಒಪ್ಪಿಸುತ್ತಿದೆಯೋ ನೋಡಲು ಪುಟ ಮಗುಚಿ ನಡುವಿನಿಂದ ಒಂದು ಸಾಲು ತೋರಿಸುವುದು. ಅದನ್ನೇ ಅವಳು ವಿಧಾನದ ಭಾಗಕ್ಕೆ ಸೇರಿಸಿದಳು: ಗೊತ್ತಿರುವ ಮಾಲೆಯಿಂದ ಒಂದು ಸಾಲು, ಎಂದೂ ನೋಡದ ಒಂದು ಹಳೆಯ ಕಾಗದದಿಂದ ಇನ್ನೊಂದು ಸಾಲು.

ಇಷ್ಟು ಹೇಳಿದ ಮೇಲೆ ವಿದ್ಯಾರ್ಥಿಗಳ ಬಗ್ಗೆಯೂ ಒಂದು ಮಾತು. ಪಿಎಚ್.ಡಿ. ಮಾಡುವ ಅಲ್ಪಸಂಖ್ಯಾತ ಮಕ್ಕಳಿಗೆ ಇದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ಹೊಸಬರಿಗೆ ನಿಲ್ಲಿಸಿತು. ಈಗ ಮುಖ್ಯ ದಾರಿ ನೆಟ್ ಪರೀಕ್ಷೆಯ ಜೆಆರ್‌ಎಫ್. ಪಾಸಾದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಅರಬಿಕ್‌ನಲ್ಲಿಯೂ, ಇಸ್ಲಾಮಿಕ್ ಅಧ್ಯಯನದಲ್ಲಿಯೂ ಆ ಪರೀಕ್ಷೆ ಬರೆಯಬಹುದು. ದರ್ಸ್‌ನಲ್ಲಿ ಕಲಿತು ಜೊತೆಗೆ ಎಂ.ಎ. ಮಾಡಿದ ಹುಡುಗರು ನಮ್ಮಲ್ಲಿ ಎಷ್ಟೋ ಇದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯಲ್ಲಿಯೂ ಪಿಎಚ್.ಡಿ.ಗೆ ಸಹಾಯ ಉಂಟು, ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿದರೆ ಈ ವರ್ಷದ ನಿಯಮ ಹೇಳುತ್ತಾರೆ.

ಎರಡನೆಯ ಬಾರಿ ಅವಳು ಜಮಾಅತ್‌ಗಳ ಪತ್ರವನ್ನು ಆರು ತಿಂಗಳ ಮೊದಲೇ ತೆಗೆದುಕೊಂಡಳು. ಲಾಭ ಎಂತ ಎಂದು ಕೇಳಿದ ಜಮಾಅತಿನವರು ಈ ಸಲ ಅವಳನ್ನೇ ಕರೆದು ಕೇಳಿದರು. ಪಳ್ಳಿಯ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿರುವ ದಫ್ತರು, ಕಿತಾಬುಗಳ ಒಂದು ಪಟ್ಟಿಯನ್ನು ಕನ್ನಡದಲ್ಲಿ ಮಾಡಿ ಕೊಡುತ್ತೇನೆ, ಅದರ ಒಂದು ಪ್ರತಿ ನಿಮ್ಮಲ್ಲೇ ಇರುತ್ತದೆ ಎಂದಳು. ಅದನ್ನು ಅರ್ಜಿಯಲ್ಲಿಯೂ ಬರೆದಳು. ನೈತಿಕ ಸಮಿತಿಯ ಕಾಗದವೂ ಮೊದಲೇ ಸಿಕ್ಕಿತ್ತು. ಅರ್ಜಿ ಕೊನೆಯ ದಿನಾಂಕಕ್ಕೆ ಹನ್ನೆರಡು ದಿನ ಇರುವಾಗಲೇ ಹೋಯಿತು.

ಮೊದಲ ಅರ್ಜಿಯ ಸಮಯದಲ್ಲಿ ಮೂರು ಊರುಗಳಿಂದ ಮಾಡಿದ ಪಟ್ಟಿಯಲ್ಲಿ 23 ಹೆಂಗಸರ ಹೆಸರಿತ್ತು. ಎರಡನೆಯದನ್ನು ಕಳುಹಿಸುವಾಗ 19. ತೀರಿಹೋದ ನಾಲ್ವರಲ್ಲಿ ಆ ಒಪ್ಪಿಗೆಯ ಕಾಗದವನ್ನು ಬೆರಳಿಟ್ಟು ಓದಿದ ಅಜ್ಜಿಯೂ ಒಬ್ಬರು. ಅವರ ಮನೆಯವರು ಅವರ ಮಾಲೆ ಕಿತಾಬುಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಮದರಸಕ್ಕೆ ತಂದು ಕೊಟ್ಟಿದ್ದಾರೆ. ಉತ್ತರ ಬರುವ ತನಕ ಕಾಯುವುದು ಬೇಡ ಎಂದು ಅವಳು ಈಗ ಆದಿತ್ಯವಾರಗಳಲ್ಲಿ ಸ್ವಂತ ಖರ್ಚಿನಲ್ಲಿ ಉಳಿದವರ ಮನೆಗಳಿಗೆ ಹೋಗುತ್ತಿದ್ದಾಳೆ, ಮೊನ್ನೆಯವರೆಗೆ ಐದು ಮನೆ ಆಗಿದೆ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ನೋಡಿ ಮಾಲೆ ಓದುವ ವಯಸ್ಸಾದವರು ಇದ್ದರೆ ಅವರ ಹೆಸರು, ಊರು, ಯಾರಿಂದ ಕಲಿತದ್ದು ಎಂಬುದನ್ನು ಒಂದು ಕಾಗದದಲ್ಲಿ ಬರೆದು ನಿಮ್ಮ ಮದರಸದ ಉಸ್ತಾದರ ಕೈಯಲ್ಲಿ ಕೊಟ್ಟಿಡಿ.